ಕಿಟಕಿಯಾಚೆ ಸತ್ತ ಲೋಕ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಹಿಡಿಸದ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇನೆ. ಹಿಡಿಸಿದ ಪುಸ್ತಕದ ಬಗ್ಗೆ ಮಾತಾಡುವುದು ಸುಲಭ. ಹಿಡಿಸದೇ ಇದ್ದದ್ದು ಯಾಕೆ ಹಿಡಿಸಲಿಲ್ಲ ಅಂತ ಹುಡುಕುತ್ತಾ ಹೋದರೆ, ಓದುವಾಗ ನಾವು ಯಾವುದಕ್ಕೆ ಕಾಯುತ್ತಿರುತ್ತೇವೆ ಅನ್ನುವುದು ಗೊತ್ತಾಗುತ್ತದೆ. ಈ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಅದರಲ್ಲಿ ಲೋಕದ ಜನರೆಲ್ಲ ಬಿದ್ದುಹೋದರು. ಮೂರು ಸಲವೂ ನಾನು ಪುಟ ತಿರುಗಿಸಿ, ಕಾಫಿ ಕುಡಿದು, ಮಲಗಿದೆ. ಯಾಕೆ ಹೀಗಾಯಿತು ಅನ್ನುವುದು ನನ್ನನ್ನು ಬಿಡದೆ ಕಾಡಿದೆ.

ಪುಸ್ತಕದ ಹೆಸರು ‘ದಿ ಪಾಯಿಸನ್ ಬೆಲ್ಟ್’. ವಿಷದ ಪಟ್ಟಿ ಅಂತ ಇಟ್ಟುಕೊಳ್ಳೋಣ. ಬರೆದವರು ಆರ್ಥರ್ ಕಾನನ್ ಡಾಯ್ಲ್. ಷರ್ಲಾಕ್ ಹೋಮ್ಸ್‌ನಿಂದಾಗಿ ಅವರು ನಮಗೆಲ್ಲ ಗೊತ್ತು. 1913ರಲ್ಲಿ ಲಂಡನ್ನಿನ ಸ್ಟ್ರಾಂಡ್ ಮ್ಯಾಗಜಿನ್‌ನಲ್ಲಿ ಧಾರಾವಾಹಿಯಾಗಿ ಬಂತು, ಅದೇ ವರ್ಷ ಪುಸ್ತಕವೂ ಆಯಿತು. ಚಿಕ್ಕ ಕಾದಂಬರಿ. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.

ಕಥೆ ಹೇಳುತ್ತೇನೆ. ಪ್ರೊಫೆಸರ್ ಚಾಲೆಂಜರ್ ಅಂತ ಒಬ್ಬ ವಿಜ್ಞಾನಿ. ದೊಡ್ಡ ದೇಹ, ದೊಡ್ಡ ಗಡ್ಡ, ದೊಡ್ಡ ಬಾಯಿ. ನಕ್ಷತ್ರಗಳಿಂದ ಬರುವ ಬೆಳಕಿನ ಪಟ್ಟಿಯಲ್ಲಿ ಕೆಲವು ಗೆರೆಗಳು ಮಸುಕಾಗಿವೆ ಅನ್ನುವುದು ಅವನಿಗೆ ಗೊತ್ತಾಗುತ್ತದೆ. ಬೇರೆ ವಿಜ್ಞಾನಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇವನು ಮಾತ್ರ ಪತ್ರಿಕೆಗೆ ಪತ್ರ ಬರೆದು, ಭೂಮಿ ಯಾವುದೋ ವಿಷದೊಳಕ್ಕೆ ಹೋಗುತ್ತಿರಬಹುದು ಅಂತ ಎಚ್ಚರಿಸುತ್ತಾನೆ. ಅವನು ಕೊಡುವ ಹೋಲಿಕೆ ಒಂದಿದೆ. ದ್ರಾಕ್ಷಿ ಗೊಂಚಲಿನ ಮೇಲೆ ಕಣ್ಣಿಗೆ ಕಾಣದ ಹುಳ ಹತ್ತಿದೆ. ತೋಟದವನು ಅದನ್ನು ಔಷಧಿಯಲ್ಲಿ ಅದ್ದಿ ತೆಗೆಯುತ್ತಾನೆ. ಗೊಂಚಲು ಭೂಮಿ, ಹುಳ ನಾವು. ಈ ಹೋಲಿಕೆ ಚೆನ್ನಾಗಿದೆ, ಓದಿದಾಗ ಮೈ ಜುಂ ಅಂದಿತು. ಇಡೀ ಪುಸ್ತಕದಲ್ಲಿ ಆಕಾಶ ನನ್ನನ್ನು ಹೆದರಿಸಿದ್ದು ಅದೊಂದೇ ಸಲ.

ಆಮೇಲೆ ಚಾಲೆಂಜರ್ ತನ್ನ ಮೂವರು ಗೆಳೆಯರಿಗೆ ತಂತಿ ಕಳಿಸುತ್ತಾನೆ. ತಂತಿಯಲ್ಲಿ ಇರುವುದು ಒಂದೇ ಮಾತು: ಆಮ್ಲಜನಕ ತನ್ನಿ. ಪತ್ರಕರ್ತ ಮ್ಯಾಲೋನ್, ಪ್ರೊಫೆಸರ್ ಸಮ್ಮರ್ಲೀ, ಲಾರ್ಡ್ ಜಾನ್ ರಾಕ್ಸ್‌ಟನ್ ಸಿಲಿಂಡರ್ ಹೊತ್ತು ಲಂಡನ್ನಿನಿಂದ ರೈಲು ಹತ್ತಿ ಸಸೆಕ್ಸ್‌ನ ಹಳ್ಳಿಯ ಕಡೆಗಿರುವ ಅವನ ಮನೆಗೆ ಬರುತ್ತಾರೆ. ಮನೆ ಗುಡ್ಡದ ಮೇಲಿದೆ. ಚಾಲೆಂಜರ್‌ನ ಹೆಂಡತಿಯ ಕೋಣೆಯ ಸಂದಿಗೊಂದಿಗೆಲ್ಲ ಕಾಗದ ಅಂಟಿಸಿ, ಸಿಲಿಂಡರ್‌ಗಳನ್ನು ಜೋಡಿಸಿಟ್ಟು, ಐದು ಜನ ಒಳಗೆ ಕೂರುತ್ತಾರೆ. ಆ ಕೋಣೆಗೆ ದೊಡ್ಡ ಕಿಟಕಿ. ಕಿಟಕಿಯಾಚೆ ಆಗಸ್ಟ್ ತಿಂಗಳ ಬಿಸಿಲು, ಕೊಯ್ಲಿನ ಹೊಲ, ಗಾಲ್ಫ್ ಮೈದಾನ, ಸ್ಟೇಷನ್ನಿನಿಂದ ಏರುವ ರಸ್ತೆ. ಆ ರಸ್ತೆಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಿರುವ ಒಬ್ಬ ದಾದಿ ಹುಡುಗಿ.

ವಿಷ ಬರುತ್ತದೆ. ಎಲ್ಲರೂ ಬೀಳುತ್ತಾರೆ. ಗಾಲ್ಫ್ ಆಡುವವರು ಆಡುತ್ತಿದ್ದ ಜಾಗದಲ್ಲೇ, ಕೊಯ್ಲಿನವರು ಹೊಲದಲ್ಲೇ, ದಾದಿ ರಸ್ತೆಯಲ್ಲೇ. ಒಳಗಿನ ಐವರು ರಾತ್ರಿಯಿಡೀ ಮಾತಾಡುತ್ತಾರೆ. ಬೆಳಿಗ್ಗೆ ಆಮ್ಲಜನಕ ಮುಗಿಯುತ್ತದೆ. ಸಾಯೋಣ ಅಂತ ಕಿಟಕಿಯ ಗಾಜು ಒಡೆಯುತ್ತಾರೆ. ಗಾಳಿ ಒಳಗೆ ಬರುತ್ತದೆ. ಆದರೆ ವಿಷ ಹೋಗಿಬಿಟ್ಟಿದೆ. ಕಾರು ತೆಗೆದುಕೊಂಡು ಲಂಡನ್ನಿಗೆ ಹೋಗಿ, ಹೆಣಗಳ ನಡುವೆ ಸುತ್ತಿ, ವಾಪಸ್ ಬರುತ್ತಾರೆ. ಆಗ ಸತ್ತವರೆಲ್ಲ ಎದ್ದು ಕೂರುತ್ತಾರೆ. ಅದು ಸಾವಾಗಿರಲಿಲ್ಲ. 28 ಗಂಟೆಗಳ ಒಂದು ಬಗೆಯ ನಿದ್ದೆ.

ಈ ಕಥೆ ಎಲ್ಲಿಂದ ಹುಟ್ಟಿರಬಹುದು ಅಂತ ಊಹಿಸುವುದು ಕಷ್ಟವಲ್ಲ. ಅದಕ್ಕೆ ಮೂರು ವರ್ಷ ಹಿಂದೆ, 1910ರ ಮೇ ತಿಂಗಳಲ್ಲಿ ಹ್ಯಾಲಿ ಧೂಮಕೇತು ಬಂದಿತ್ತು. ಅದರ ಬಾಲದಲ್ಲಿ ಸೈನೋಜೆನ್ ಅನ್ನುವ ವಿಷಾನಿಲ ಇದೆ ಅಂತ ವಿಜ್ಞಾನಿಗಳು ಕಂಡುಹಿಡಿದಿದ್ದರು. ಭೂಮಿ ಆ ಬಾಲದ ಮೂಲಕ ಹಾದುಹೋಗುತ್ತದೆ ಅನ್ನುವ ಸುದ್ದಿಯೂ ಬಂತು. ಜನ ಕಿಟಕಿ ಬಾಗಿಲುಗಳ ಸಂದಿ ಮುಚ್ಚಿದರು. ಧೂಮಕೇತುವಿನ ವಿಷಕ್ಕೆ ಮಾತ್ರೆ ಅಂತ ಮಾರುವವರೂ ಹುಟ್ಟಿಕೊಂಡರು. ಏನೂ ಆಗಲಿಲ್ಲ. ಬಾಲದಲ್ಲಿದ್ದ ಅನಿಲ ಅಷ್ಟು ತೆಳುವಾಗಿತ್ತು. ಆದರೆ ಆ ರಾತ್ರಿ ಎದ್ದು ಕೂತು ಆಕಾಶ ನೋಡಿದವರ ಹೊಟ್ಟೆಯಲ್ಲಿ ಏನಾಗಿರಬೇಕು, ಯೋಚಿಸಿ. ಮಲಗಿದ ಮಕ್ಕಳ ಕಡೆ ಒಂದು ಕಣ್ಣು, ಆಕಾಶದ ಕಡೆ ಒಂದು ಕಣ್ಣು. ಡಾಯ್ಲ್ ಕೈಯಲ್ಲಿ ಇಂಥಾ ಹಸಿ ಭಯ ಇತ್ತು. ಅದನ್ನು ಇಟ್ಟುಕೊಂಡು ಅವರು ಮಾಡಿದ್ದು ಮಾತ್ರ ಒಂದು ಡ್ರಾಯಿಂಗ್ ರೂಮಿನ ಹರಟೆ.

ಈ ಪುಸ್ತಕ ಸೋಲುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಕೊನೆಯಲ್ಲಿ ಎಲ್ಲರೂ ಎದ್ದುಬಿಡುತ್ತಾರೆ ಅನ್ನುವುದು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಇನ್ನೊಂದು ಕಾರಣ, ವಿಜ್ಞಾನ ಹಳತಾಯಿತು ಅನ್ನುವುದು. ಕಥೆಯಲ್ಲಿ ವಿಷ ಇರುವುದು ಈಥರ್‌ನಲ್ಲಿ, ಅಂದರೆ ಬಾಹ್ಯಾಕಾಶವನ್ನು ತುಂಬಿಕೊಂಡಿದೆ ಅಂತ ಆಗ ನಂಬಿದ್ದ ಒಂದು ವಸ್ತುವಿನಲ್ಲಿ. ಅಂಥದ್ದೊಂದು ಬೇಕಾಗಿಲ್ಲ ಅಂತ ಐನ್‌ಸ್ಟೈನ್ 1905ರಲ್ಲೇ ತೋರಿಸಿದ್ದರು. ಇರಲಿ ಬಿಡಿ. ಬೇತಾಳ ಮರದಲ್ಲಿ ನೇತಾಡುತ್ತದೆ ಅಂದರೂ ನಾವು ನಂಬಿ ಹೆದರುತ್ತೇವೆ. ವಿಜ್ಞಾನ ತಪ್ಪಾದ ಮಾತ್ರಕ್ಕೆ ಕಥೆ ಸಾಯುವುದಿಲ್ಲ.

ಮೂರನೇ ಸಲ ಓದಿದಾಗ ನಾನು ಬೇರೆ ಒಂದು ಕಡೆ ನಿಂತೆ. ಕಾರು ಚಾಲಕ ಆಸ್ಟಿನ್ ಹತ್ತಿರ.

ವಿಷ ಬರುವ ದಿನ ಚಾಲೆಂಜರ್ ಆಸ್ಟಿನ್‌ಗೆ ಹೇಳುತ್ತಾನೆ: ಇವತ್ತು ಲೋಕ ಮುಗಿಯುತ್ತದೆ ಅಂತ ಕಾಯುತ್ತಿದ್ದೇನೆ. ಆಸ್ಟಿನ್ ಎಷ್ಟು ಹೊತ್ತಿಗೆ ಅಂತ ಕೇಳುತ್ತಾನೆ. ಸಂಜೆಯೊಳಗೆ ಅಂತ ಉತ್ತರ ಬರುತ್ತದೆ. ಸರಿ ಸ್ವಾಮಿ ಅಂತ ಅವನು ತನ್ನ ಕೆಲಸಕ್ಕೆ ಹೋಗುತ್ತಾನೆ. ಇಂಗ್ಲಿಷ್ ಓದುಗರಿಗೆ ಈ ಜಾಗ ಬಹಳ ಇಷ್ಟ. ಆಳಿನ ಗಾಂಭೀರ್ಯ ನೋಡಿ ನಗುತ್ತಾರೆ. ನನಗೆ ಅಲ್ಲಿ ನಗು ಬರಲಿಲ್ಲ. ಆಸ್ಟಿನ್ ಹೊರಗೆ ಹೋಗುತ್ತಾನೆ. ಹೊರಗೇ ಉಳಿಯುತ್ತಾನೆ. ಕಾರು ತೊಳೆಯುತ್ತಾ ಇರುವಾಗ ಅಂಗಳದಲ್ಲಿ ಬೀಳುತ್ತಾನೆ. ಕಾಗದ ಅಂಟಿಸಿದ ಕೋಣೆಯಲ್ಲಿ ಅವನಿಗೆ ಜಾಗ ಇಲ್ಲ. ಅವನು ಎಷ್ಟೋ ವರ್ಷ ಆ ಮನೆಯ ಅನ್ನ ತಿಂದವನು, ಆ ಮನೆಯ ಕೆಲಸ ಮಾಡಿದವನು. ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿ ಇದ್ದಾನೆ.

ಇಲ್ಲಿ ಒಂದು ಕಥೆ ಕಾದು ಕೂತಿದೆ, ಅಲ್ವಾ? ಆರನೆಯವನು ಒಳಗೆ ಬಂದರೆ ಆಮ್ಲಜನಕ ಎಷ್ಟು ಗಂಟೆ ಕಡಿಮೆಯಾಗುತ್ತದೆ? ಆ ಲೆಕ್ಕ ಯಾರು ಹಾಕಬೇಕು? ಹಾಕಿದ ಮೇಲೆ ಆ ಲೆಕ್ಕವನ್ನು ಯಾರ ಮುಖ ನೋಡಿ ಹೇಳಬೇಕು? ದಾದಿ ರಸ್ತೆಯಲ್ಲಿ ಬರುತ್ತಿರುವುದು ಕಾಣುತ್ತಿದೆ. ಗಾಡಿಯಲ್ಲಿ ಮಗು ಇದೆ. ಓಡಿ ಹೋದರೆ ಎತ್ತಿಕೊಂಡು ಬರಬಹುದಾ? ಇಂಥಾ ಒಂದು ಪ್ರಶ್ನೆ ಸಾಕಿತ್ತು, ನಾನು ಪುಸ್ತಕ ಕೆಳಗಿಡುತ್ತಿರಲಿಲ್ಲ. ಡಾಯ್ಲ್ ಆ ಬಾಗಿಲನ್ನೇ ತೆರೆಯುವುದಿಲ್ಲ. ಒಳಗಿನವರು ಮನುಷ್ಯಕುಲದ ಬಗ್ಗೆ, ಸಾವಿನಾಚೆ ಏನಿದೆ ಅನ್ನುವುದರ ಬಗ್ಗೆ ಮಾತಾಡುತ್ತಾರೆ. ಚಾಲೆಂಜರ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಮೀಬಾ ಇನ್ನೂ ಬದುಕಿದೆ ಅಂತ ಸಂತೋಷಪಡುತ್ತಾನೆ. ಅಂಗಳದಲ್ಲಿ ಆಸ್ಟಿನ್ ಬಿದ್ದಿದ್ದಾನೆ.

ಮಾತು ತಪ್ಪೇನಲ್ಲ. ಸಾಯುವ ಮುಂಚಿನ ರಾತ್ರಿ ಮನುಷ್ಯರು ಮಾತಾಡದೆ ಇನ್ನೇನು ಮಾಡುತ್ತಾರೆ! ಆದರೆ ಆ ಮಾತಿನಲ್ಲಿ ಯಾರ ಹೆಸರೂ ಇಲ್ಲದಿದ್ದರೆ ನನಗೆ ಕೇಳಿಸುವುದಿಲ್ಲ.

ಒಂದು ಕಡೆ ಮಾತ್ರ ಹೆಸರು ಬರುತ್ತದೆ. ಅಲ್ಲಿ ಪುಸ್ತಕ ಒಂದು ನಿಮಿಷ ಉಸಿರಾಡುತ್ತದೆ. ಪತ್ರಕರ್ತ ಮ್ಯಾಲೋನ್ ತನ್ನ ಪತ್ರಿಕೆಯ ಸುದ್ದಿ ಸಂಪಾದಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಲಂಡನ್ನಿನಿಂದ ಬರುವ ಆ ದನಿ ತಡವರಿಸುತ್ತದೆ. ಆಮೇಲೆ ಮಾತಿಲ್ಲ. ಮೇಜಿನ ಮೇಲೆ ತಲೆ ಬಿದ್ದ ಸದ್ದು ಮಾತ್ರ ತಂತಿಯಲ್ಲಿ ಬರುತ್ತದೆ. ಇದನ್ನು ಓದುವಾಗ ನನ್ನ ಕಿವಿ ನೆಟ್ಟಗಾಯಿತು. ನಾವೆಲ್ಲ ಫೋನಿನಲ್ಲಿ ಯಾರನ್ನಾದರೂ ಹಾಗೆ ಕಳೆದುಕೊಂಡಿರುತ್ತೇವೆ. ಆಚೆ ಕಡೆ ಯಾರೋ ‘ಹಲೋ’ ಅಂದು ಸುಮ್ಮನಾಗುವುದು ಹೇಗಿರುತ್ತದೆ ಅನ್ನುವುದು ಗೊತ್ತು. ಆದರೆ ಮರುದಿನ ಲಂಡನ್ನಿಗೆ ಹೋದಾಗ ಕಥೆ ಆ ಮೇಜಿನ ಹತ್ತಿರ ಹೋಗುವುದಿಲ್ಲ. ಅಷ್ಟು ಚೆನ್ನಾಗಿ ಎತ್ತಿದ ಎಳೆಯನ್ನು ಹಾಗೇ ಕೈಬಿಟ್ಟಿದ್ದಾರೆ.

ಲಂಡನ್ ದಾರಿಯಲ್ಲಿ ಅವರಿಗೆ ಬದುಕಿರುವ ಒಬ್ಬ ಮುದುಕಿ ಸಿಗುತ್ತಾಳೆ. ಆಕೆಗೆ ಉಬ್ಬಸ. ಅದಕ್ಕೆ ಅಂತ ಮನೆಯಲ್ಲಿ ಆಮ್ಲಜನಕ ಇತ್ತು, ಹಾಗಾಗಿ ಉಳಿದಳು. ಇಡೀ ನಗರದಲ್ಲಿ ರಾತ್ರಿಯೆಲ್ಲ ಒಬ್ಬಳೇ ಎಚ್ಚರವಾಗಿದ್ದ ಹೆಂಗಸು! ಆಕೆಯ ಕೋಣೆಯಲ್ಲಿ ಒಂದು ರಾತ್ರಿ ಕೂತಿದ್ದರೆ ಸಾಕಿತ್ತು, ಈ ಪುಸ್ತಕ ದೊಡ್ಡದಾಗುತ್ತಿತ್ತು. ಡಾಯ್ಲ್ ಆಕೆಯ ಬಾಯಲ್ಲಿ ಏನು ಹಾಕುತ್ತಾರೆ ಗೊತ್ತಾ? ಈ ಘಟನೆಯಿಂದ ತನ್ನ ರೈಲ್ವೆ ಷೇರುಗಳ ಬೆಲೆ ಏನಾಗಬಹುದು ಅಂತ ಕೇಳಿಸುತ್ತಾರೆ. ನಗೋಣ ಅಂತ ಮಾಡಿದ್ದು. ಆ ನಗುವಿಗಾಗಿ ಒಬ್ಬ ಮನುಷ್ಯಳನ್ನು ಕಳೆದುಕೊಂಡರು.

ಇನ್ನೊಂದು ಜಾಗವನ್ನು ನಾನು ದಾಟಿ ಹೋಗಲಾರೆ. ವಿಷ ಹತ್ತಿರ ಬರುವಾಗ ಎಲ್ಲೆಲ್ಲಿಂದಲೋ ಸುದ್ದಿ ಬರುತ್ತದೆ. ಯಾವ ದೇಶದವರು ಮೊದಲು ಬಿದ್ದರು, ಯಾವ ಜನಾಂಗ ಹೆಚ್ಚು ತಡೆದುಕೊಂಡಿತು ಅನ್ನುವ ಲೆಕ್ಕ. ಅದರಲ್ಲಿ ಭಾರತವೂ ಪರ್ಷಿಯಾವೂ ಪೂರ್ತಿ ಮುಗಿದಂತಿದೆ ಅನ್ನುವ ಒಂದು ವಾಕ್ಯ ಬರುತ್ತದೆ. ಒಂದೇ ವಾಕ್ಯ, ಅದರಲ್ಲೂ ನಮಗೆ ಅರ್ಧ. 1911ರ ಜನಗಣತಿಯಲ್ಲಿ ಭಾರತದಲ್ಲಿ 31 ಕೋಟಿಗೂ ಹೆಚ್ಚು ಜನ ಇದ್ದರು. ಮೊದಲ ಸಲ ಓದಿದಾಗ ನಾನು ಆ ವಾಕ್ಯವನ್ನು ಸುಮ್ನೆ ದಾಟಿದ್ದೆ. ಎರಡನೇ ಸಲ ನಿಂತೆ. ಅಲ್ಲಿ ನನ್ನ ಅಜ್ಜಿಯ ಅಪ್ಪ, ಅವ್ವ ಸತ್ತಿದ್ದಾರೆ. ನಿಮ್ಮವರೂ ಸತ್ತಿದ್ದಾರೆ. ಮುಂದಿನ ವಾಕ್ಯದಲ್ಲಿ ಯುರೋಪಿನ ಸುದ್ದಿ.

ನನಗೆ ಇದರಿಂದ ಬೇಜಾರಾಯಿತು, ನಿಜ. ಅದು ಬೇರೆ ಮಾತು. ಕಥೆಯ ಲೆಕ್ಕದಲ್ಲಿ ನೋಡಿದರೂ ಅದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಇಂಡಿಯಾದ ಬಗ್ಗೆ ಮಾಡಿದ್ದನ್ನೇ ಅವರು ಅಂಗಳದ ಆಸ್ಟಿನ್‌ಗೂ ಮಾಡಿದ್ದಾರೆ, ಮುದುಕಿಗೂ ಮಾಡಿದ್ದಾರೆ. ಸತ್ತವರು ಒಳಗಿನವರ ಮಾತಿಗೆ ಒಂದು ಹಿನ್ನೆಲೆ, ಅಷ್ಟೇ. ಆ ಕೋಣೆಯ ಐವರಿಗೆ ಹೊರಗಿನ ಯಾರ ಋಣವೂ ಇಲ್ಲ.

ಋಣ ಅಂದೆ. ನನ್ನ ಪ್ರಕಾರ ಎಲ್ಲ ಇರುವುದು ಅಲ್ಲೇ. ಲೋಕ ಮುಗಿಯುವ ಕಥೆಯಲ್ಲಿ ಎಷ್ಟು ಜನ ಸತ್ತರು ಅನ್ನುವುದರಿಂದ ಭಯ ಹುಟ್ಟುವುದಿಲ್ಲ. ಸತ್ತವರಿಗೆ ಬದುಕಿರುವವರು ಏನೋ ಮಾಡಬೇಕಾಗಿದೆ, ಮಾಡಲು ಆಗುತ್ತಿಲ್ಲ ಅನ್ನುವಾಗ ಹುಟ್ಟುತ್ತದೆ.

ಕನ್ನಡದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಅದೂ ಚಿಕ್ಕ ಕಾದಂಬರಿ. ಅದರಲ್ಲೂ ಒಂದು ಲೋಕ ಮುಗಿಯುತ್ತದೆ. ದೂರ್ವಾಸಪುರ ಅನ್ನುವ ಅಗ್ರಹಾರವೇ ಆ ಲೋಕ. ಶಿವಮೊಗ್ಗದಿಂದ ಜ್ವರ ಹಿಡಿಸಿಕೊಂಡು ಬಂದ ನಾರಣಪ್ಪ ಸಾಯುತ್ತಾನೆ. ಒಂದು ಹೆಣ. ಅದನ್ನು ಯಾರು ಸುಡಬೇಕು ಅನ್ನುವುದು ತೀರ್ಮಾನವಾಗುವುದಿಲ್ಲ. ಹೆಣ ಇರುವವರೆಗೆ ಯಾರೂ ಊಟ ಮಾಡುವಂತಿಲ್ಲ. ಬಿಸಿಲು, ಹಸಿವು, ನಾತ. ಇಲಿಗಳು ಹೊರಗೆ ಬಂದು ಗಿರಗಿರ ಸುತ್ತಿ ಬೀಳುತ್ತವೆ. ಹದ್ದುಗಳು ಬಂದು ಮನೆಯ ಮಾಡಿನ ಮೇಲೆ ಕೂರುತ್ತವೆ. ಜನ ಜಾಗಟೆ ಬಾರಿಸಿ, ಶಂಖ ಊದಿ ಅವನ್ನು ಓಡಿಸುತ್ತಾರೆ. ಆ ಹದ್ದುಗಳನ್ನು ನಾನು ಹದಿನೇಳನೇ ವಯಸ್ಸಿನಲ್ಲಿ ಓದಿದ್ದು. ಇವತ್ತಿಗೂ ಹೆಂಚಿನ ಮೇಲೆ ದೊಡ್ಡ ಹಕ್ಕಿ ಕೂತರೆ ನನಗೆ ಒಂದು ಕ್ಷಣ ಕಸಿವಿಸಿಯಾಗುತ್ತದೆ.

ದಾಸಾಚಾರ್ಯ ಹಸಿವು ತಡೆಯಲಾರದೆ ಪಾರಿಜಾತಪುರದ ದಾರಿ ಹಿಡಿಯುತ್ತಾನಲ್ಲ, ಅವನ ಹೊಟ್ಟೆ ನನಗೆ ಗೊತ್ತು. ನಾರಣಪ್ಪನ ಜೊತೆ ಬಾಳಿದ ಚಂದ್ರಿ ತನ್ನ ಚಿನ್ನ ಬಿಚ್ಚಿ ಇಟ್ಟಾಗ ಆ ಚಿನ್ನದ ಮೇಲೆ ಬಿದ್ದ ಕಣ್ಣುಗಳೂ ಗೊತ್ತು. ಎಲ್ಲರೂ ಆ ಹೆಣಕ್ಕೆ ಏನೋ ಕೊಡಬೇಕಾದವರು. ಕೊಡದೆ ಕೂತವರು. ಕೊನೆಗೆ ಚಂದ್ರಿ ರಾತ್ರಿಯಲ್ಲಿ ಆ ಹೆಣವನ್ನು ಸುಡಿಸುತ್ತಾಳೆ. ಅದು ಉಳಿದವರಿಗೆ ಗೊತ್ತೇ ಇಲ್ಲ. ಪ್ಲೇಗಿಗೆ ಎಷ್ಟು ಜನ ಸತ್ತರು ಅಂತ ಆ ಪುಸ್ತಕ ಲೆಕ್ಕ ಕೊಡುವುದಿಲ್ಲ. ನನಗೆ ಬೇಕಾಗಲೂ ಇಲ್ಲ.

ನಮ್ಮ ಕಡೆ ಪ್ಲೇಗು ಕಥೆಯಾಗುವ ಮುಂಚೆ ಮನೆಯ ಮಾತಾಗಿತ್ತು. 1896ರಲ್ಲಿ ಮುಂಬೈಗೆ ಬಂತು, 1898ರಲ್ಲಿ ಬೆಂಗಳೂರಿಗೆ. ನಾವು ಇವತ್ತು ತಿರುಗಾಡುವ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಪ್ಲೇಗಿನ ಬಳಿಕ, ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಬೇಕಾಗಿ ಬಂದದ್ದರಿಂದ. ಭಾರತದಲ್ಲಿ ಆ ಕೆಲವು ದಶಕಗಳಲ್ಲಿ ಪ್ಲೇಗಿಗೆ ಹೋದವರು ಒಂದು ಕೋಟಿಗೂ ಜಾಸ್ತಿ. ನೋಡಿ, ಈ ಸಂಖ್ಯೆ ಹೇಳಿದೆ, ಇಲ್ಲಿ ಯಾರ ಮುಖವೂ ಬದಲಾಗಲಿಲ್ಲ. ನಮ್ಮ ಅಜ್ಜಿ ಒಂದೇ ಮಾತು ಹೇಳುತ್ತಿದ್ದರು: “ಇಲಿ ಬಿತ್ತು.” ಅಷ್ಟೇ. ಆ ಮಾತು ಬಂದರೆ ಮನೆ ಬಿಡಬೇಕು. ಒಲೆಯ ಮೇಲೆ ಇಟ್ಟದ್ದನ್ನು ಇಳಿಸಿ, ಮಕ್ಕಳನ್ನು ಎತ್ತಿಕೊಂಡು, ಊರಾಚೆಯ ತೋಪಿನಲ್ಲಿ ಗುಡಿಸಲು ಹಾಕಬೇಕು.

ಅಜ್ಜಿ ಆಗ ಚಿಕ್ಕವರು. ತೋಪಿನಲ್ಲಿ ಕೆಲವು ತಿಂಗಳು ಇದ್ದರಂತೆ. ಊರಲ್ಲಿ ಮನೆಗಳ ಹೆಂಚು ತೆಗೆದು ಒಳಗೆ ಬಿಸಿಲು ಬೀಳುವ ಹಾಗೆ ಮಾಡಿದ್ದರು. ನಡುವೆ ಮಳೆ ಬಂತು. ವಾಪಸ್ ಬಂದಾಗ ಅಡಿಗೆಮನೆಯಲ್ಲಿ, ಬೀಸುವ ಕಲ್ಲಿನ ಸುತ್ತ, ರಾಗಿ ಪೈರು ಗೇಣುದ್ದ ಎದ್ದಿತ್ತಂತೆ. ಕಲ್ಲಿನಿಂದ ಚೆಲ್ಲಿದ ಕಾಳು. ಅಜ್ಜಿಯ ಅವ್ವ ಅದನ್ನು ಕೀಳಲು ಬಿಡಲಿಲ್ಲ. ಆ ಕಲ್ಲಿನ ಮುಂದೆ ಕೂತು ಕೊನೆಯ ಸಲ ರಾಗಿ ಬೀಸಿದ್ದು ಅವರ ನಾದಿನಿ. ಆಕೆ ತೋಪಿನಲ್ಲೇ ತೀರಿಕೊಂಡಿದ್ದಳು.

ಇದನ್ನು ಹೇಳುವಾಗ ಅಜ್ಜಿ ಕೈಯಲ್ಲಿ ಪೈರಿನ ಎತ್ತರ ತೋರಿಸುತ್ತಿದ್ದರು. ನೆಲದಿಂದ ಇಷ್ಟು. ಆ ಕೈ ನನಗೆ ಇನ್ನೂ ಕಾಣುತ್ತದೆ.

ಇನ್ನೊಂದು ಪುಸ್ತಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡಾಯ್ಲ್ ಪುಸ್ತಕಕ್ಕೆ ಒಂದು ವರ್ಷ ಮುಂಚೆ, 1912ರಲ್ಲಿ, ಅಮೆರಿಕದ ಜಾಕ್ ಲಂಡನ್ ‘ದಿ ಸ್ಕಾರ್ಲೆಟ್ ಪ್ಲೇಗ್’ ಬರೆದರು. ಕಡುಗೆಂಪು ಪ್ಲೇಗು. ಕಥೆ ನಡೆಯುವುದು 2073ರಲ್ಲಿ. ಅದಕ್ಕೆ 60 ವರ್ಷ ಹಿಂದೆ, ಅಂದರೆ 2013ರಲ್ಲಿ, ಒಂದು ರೋಗ ಬಂದು ಹೆಚ್ಚುಕಮ್ಮಿ ಎಲ್ಲರನ್ನೂ ಕೊಂದಿದೆ. ಮುಖ ಕೆಂಪಾದರೆ ಮುಗಿಯಿತು. ಕಾಲಿನಿಂದ ಜೋಮು ಏರುತ್ತಾ ಹೃದಯ ಮುಟ್ಟುತ್ತದೆ. ಉಳಿದ ಒಬ್ಬ ಮುದುಕ, ಒಂದು ಕಾಲದ ಕಾಲೇಜು ಮೇಷ್ಟ್ರು, ಕಡಲ ದಂಡೆಯಲ್ಲಿ ಬೆಂಕಿ ಮುಂದೆ ಕೂತು ಚರ್ಮ ಹೊದ್ದ ಮೊಮ್ಮಕ್ಕಳಿಗೆ ಹಳೆಯದನ್ನು ಹೇಳುತ್ತಾನೆ. ಈ ಪುಸ್ತಕಕ್ಕೂ ದೋಷಗಳಿವೆ. ಮುದುಕನ ಮಾತು ಬಹಳ ಉದ್ದ. ಅರ್ಧದ ಮೇಲೆ ಅವನು ವರದಿ ಓದಿದ ಹಾಗೆ ಓದುತ್ತಾನೆ, ನನಗೆ ತೂಕಡಿಕೆ ಬರುತ್ತದೆ. ಅಂದರೂ ಅದರಲ್ಲಿ ಒಂದು ಜಾಗ ಇದೆ. ಮುದುಕ ಕಡುಗೆಂಪು ಅನ್ನುವ ಪದ ಬಳಸುತ್ತಾನೆ. ಮೊಮ್ಮಕ್ಕಳಲ್ಲಿ ಒಬ್ಬನಿಗೆ ಸಿಟ್ಟು ಬರುತ್ತದೆ. ಕೆಂಪಿಗೆ ಕೆಂಪು ಅನ್ನಬಾರದಾ, ಅದೇನು ಇನ್ನೊಂದು ಪದ ಅಂತ. ಮುದುಕ ವಿವರಿಸಿದರೂ ಹುಡುಗ ಒಪ್ಪುವುದಿಲ್ಲ. ಎರಡು ಬಣ್ಣಕ್ಕೆ ಎರಡು ಹೆಸರು ಇದ್ದ ಲೋಕವೇ ಹೋಗಿದೆ. ಕೋಟಿಗಟ್ಟಲೆ ಹೆಣಗಳಿಗಿಂತ ಆ ಒಂದು ಪದ ಸತ್ತದ್ದು ನನ್ನ ಹೊಟ್ಟೆ ಕಿವುಚಿತು. ಮುದುಕನಿಗೆ ಆ ಮಕ್ಕಳಿಗೆ ಏನೋ ದಾಟಿಸಬೇಕಾಗಿದೆ. ಆಗುತ್ತಿಲ್ಲ. ಅಲ್ಲಿ ಋಣ ಇದೆ.

ಡಾಯ್ಲ್ ಬಗ್ಗೆ ನಾನು ಸುಮ್ನೆ ಕಠಿಣವಾಗಿ ಮಾತಾಡುತ್ತಿಲ್ಲ. ಅವರಿಗೆ ಕಥೆ ಹೇಳಲು ಬರುತ್ತಿರಲಿಲ್ಲ ಅಂತ ಯಾರೂ ಹೇಳಲಾರರು. ಇದೇ ನಾಲ್ಕು ಗಂಡಸರನ್ನು ಇಟ್ಟುಕೊಂಡು ಒಂದು ವರ್ಷ ಮುಂಚೆ ‘ದಿ ಲಾಸ್ಟ್ ವರ್ಲ್ಡ್’ ಬರೆದಿದ್ದರು. ಅಲ್ಲಿ ದಕ್ಷಿಣ ಅಮೆರಿಕದ ಒಂದು ಕಡಿದಾದ ಪ್ರಸ್ಥಭೂಮಿಗೆ ಮರ ಉರುಳಿಸಿ ಸೇತುವೆ ಮಾಡಿಕೊಂಡು ದಾಟುತ್ತಾರೆ. ದಾಟಿದ ಮೇಲೆ ಹಿಂದೆ ಇದ್ದ ಒಬ್ಬ ಆ ಮರವನ್ನು ಪ್ರಪಾತಕ್ಕೆ ತಳ್ಳಿಬಿಡುತ್ತಾನೆ. ಅವನಿಗೆ ಲಾರ್ಡ್ ಜಾನ್ ಮೇಲೆ ಹಳೆಯ ಸೇಡು. ಆ ಮರ ಬೀಳುವಾಗ ನಾನು ಉಸಿರು ಹಿಡಿದಿದ್ದೆ. ಒಂದು ಮರ, ನಾಲ್ಕು ಜನ, ಒಂದು ಹಳೆಯ ಲೆಕ್ಕ.

ಸಾವು ಅವರಿಗೆ ಗೊತ್ತಿರಲಿಲ್ಲ ಅನ್ನಲೂ ಆಗುವುದಿಲ್ಲ. ಡಾಯ್ಲ್ ವೈದ್ಯರು. 1900ರಲ್ಲಿ ಬೋಯರ್ ಯುದ್ಧದ ಸಮಯಕ್ಕೆ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೈನ್‌ನಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಕ್ರಿಕೆಟ್ ಮೈದಾನದಲ್ಲಿ ಮಾಡಿಕೊಂಡ ಆಸ್ಪತ್ರೆ. ಯುದ್ಧದ ಗಾಯಕ್ಕಿಂತ ಟೈಫಾಯ್ಡ್ ಜ್ವರಕ್ಕೆ ಸಿಪಾಯಿಗಳು ಸಾಲುಸಾಲಾಗಿ ಸಾಯುತ್ತಿದ್ದರು. ಕುಡಿಯುವ ನೀರು ಕೆಟ್ಟಿತ್ತು, ಎಲ್ಲೆಲ್ಲೂ ನೊಣ. ಅಲ್ಲಿ ಅವರು ಹಾಸಿಗೆಯಿಂದ ಹಾಸಿಗೆಗೆ ನಡೆದಿದ್ದಾರೆ. ಒಬ್ಬೊಬ್ಬ ಹುಡುಗನ ಬಾಯಿಗೂ ನೀರು ಹಾಕಿದ ಕೈ ಅದು. ಆ ಕೈ ಹದಿಮೂರು ವರ್ಷದ ಮೇಲೆ ಲೋಕವೆಲ್ಲ ಸತ್ತಿದೆ ಅಂತ ಬರೆಯುವಾಗ ಯಾಕೆ ಯಾರನ್ನೂ ಮುಟ್ಟಲಿಲ್ಲ? ನನಗೆ ಅನ್ನಿಸುವುದು, ಅವರು ಮುಟ್ಟಲು ಬಯಸಲಿಲ್ಲ. ಚಾಲೆಂಜರ್ ಕಥೆ ಅಂದರೆ ಅವರಿಗೆ ಖುಷಿ. ಆ ಖುಷಿಯೊಳಗೆ ಬ್ಲೂಮ್‌ಫಾಂಟೈನ್‌ನ ನೊಣಗಳನ್ನು ಬಿಡಲು ಮನಸ್ಸಾಗಿರಲಿಕ್ಕಿಲ್ಲ. ಇದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ.

ಪುಸ್ತಕ ಬಂದ ಮರುವರ್ಷ ಮೊದಲ ಮಹಾಯುದ್ಧ ಬಂತು. 1918ರಲ್ಲಿ ಇನ್‌ಫ್ಲುಯೆಂಜಾ ಬಂತು, ಈ ಸಲ ನಿಜವಾಗಿ ಲೋಕವನ್ನೆಲ್ಲ ಸುತ್ತಿತು. ಸೊಮ್ ಯುದ್ಧದಲ್ಲಿ ಗಾಯಗೊಂಡಿದ್ದ ಡಾಯ್ಲ್ ಮಗ ಕಿಂಗ್ಸ್‌ಲೀ ಆ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡ. ಕೆಲವು ತಿಂಗಳಲ್ಲಿ ತಮ್ಮ ಇನ್ನೆಸ್ ಕೂಡ ಹೋದ. ಆಮೇಲೆ ಡಾಯ್ಲ್ ಬದುಕಿನ ಉಳಿದ ವರ್ಷಗಳನ್ನು ಸತ್ತವರ ಜೊತೆ ಮಾತಾಡಬಹುದು ಅನ್ನುವ ನಂಬಿಕೆಯ ಪ್ರಚಾರಕ್ಕೆ ಕೊಟ್ಟರು. ಊರೂರು ತಿರುಗಿ ಭಾಷಣ ಮಾಡಿದರು. 1926ರಲ್ಲಿ ಚಾಲೆಂಜರ್‌ನನ್ನೂ ಆ ನಂಬಿಕೆಗೆ ಕರೆತರುವ ಒಂದು ಕಾದಂಬರಿ ಬರೆದರು. ಕೆಲವರು ಅದನ್ನು ಓದಿ ನಗುತ್ತಾರೆ. ನನಗೆ ಆಗುವುದಿಲ್ಲ. ಮಗ ಎದ್ದು ಬರಲಿ ಅಂತ ಕಾಯುವ ಅಪ್ಪ ಅಲ್ಲಿದ್ದಾನೆ. 28 ಗಂಟೆ ಕಳೆದರೂ ಎದ್ದು ಬರಲಿಲ್ಲ.

ಇಷ್ಟು ಹೇಳಿ ನಾನು ಕೂತೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: “ಸಾರ್, ಹಾಗಾದರೆ ಕೊನೆಯಲ್ಲಿ ಅವರೆಲ್ಲ ಏಳದೇ ಇದ್ದಿದ್ದರೆ ನಿಮಗೆ ಈ ಪುಸ್ತಕ ಇಷ್ಟವಾಗುತ್ತಿತ್ತಾ?”

ಒಳ್ಳೆಯ ಪ್ರಶ್ನೆ. ಅಲ್ಲಿ ಅರ್ಧ ಉತ್ತರ ಕೊಟ್ಟೆ. ಮನೆಗೆ ಬಂದು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಇಲ್ಲ. ಏಳಲಿ. ಏಳುವುದರಲ್ಲೇ ನಿಜವಾದ ಕಥೆ ಇತ್ತು. ಆಸ್ಟಿನ್ ಎದ್ದು ಏನು ಮಾಡುತ್ತಾನೆ ಗೊತ್ತಾ? ತಾನು ಇಷ್ಟು ಹೊತ್ತು ಬಿದ್ದಿದ್ದೆ ಅನ್ನುವುದನ್ನು ನಂಬಲು ಒದ್ದಾಡುತ್ತಾನೆ. ತನ್ನ ಕಾರನ್ನು ಯಾರೋ ಮುಟ್ಟಿದ್ದಾರೆ ಅಂತ ಗೊಣಗುತ್ತಾನೆ. ಎಲ್ಲರೂ ಬಿದ್ದಿದ್ದಾಗ ಇವರು ಬ್ಯಾಂಕ್ ಆಫ್ ಇಂಗ್ಲೆಂಡ್ ಹತ್ತಿರ ಹೋಗಿದ್ದರು ಅಂತ ಕೇಳಿ, ತಾನು ಅಲ್ಲಿರಲಿಲ್ಲವಲ್ಲ ಅಂತ ಕೊರಗುತ್ತಾನೆ. ಪುಸ್ತಕದಲ್ಲಿ ನನಗೆ ಜೀವ ಇದೆ ಅನ್ನಿಸಿದ ಒಬ್ಬನೇ ಮನುಷ್ಯ ಅವನು. ಒಂದು ಹಗಲು ಒಂದು ರಾತ್ರಿ ಅವನ ಬದುಕಿನಿಂದ ಹೋಗಿದೆ. ಅವನನ್ನು ಹೊರಗೆ ಬಿಟ್ಟು ಒಳಗೆ ಕೂತವರು ಈಗ ಅವನ ಮುಂದೆ ನಿಂತಿದ್ದಾರೆ. ಅವನಿಗೆ ಅದು ಗೊತ್ತಾದರೆ? ನಾಳೆ ಬೆಳಿಗ್ಗೆ ಅವನು ಅವರಿಗೆ ಕಾರಿನ ಬಾಗಿಲು ತೆರೆಯುವಾಗ ಅವನ ಮುಖ ಹೇಗಿರುತ್ತದೆ? ಅಲ್ಲಿಂದ ಶುರುವಾಗಬೇಕಿತ್ತು.

ಮತ್ತೆ ಎಲ್ಲರೂ ಏಳುವುದಿಲ್ಲ. ಆ 28 ಗಂಟೆಗಳಲ್ಲಿ ನೋಡಿಕೊಳ್ಳುವವರಿಲ್ಲದೆ ರೈಲುಗಳು ಡಿಕ್ಕಿ ಹೊಡೆದಿವೆ, ಊರುಗಳಿಗೆ ಬೆಂಕಿ ಬಿದ್ದಿದೆ. ಅದರಲ್ಲಿ ಹೋದವರು ಹೋದರು. ಡಾಯ್ಲ್ ಇದನ್ನು ಹೇಳುತ್ತಾರೆ, ಬೇಗ ಹೇಳಿ ಮುಂದೆ ಹೋಗುತ್ತಾರೆ. ಪಕ್ಕದಲ್ಲಿದ್ದವರು ಕಣ್ಣುಬಿಡುವುದನ್ನು ನೋಡಿ, ತನ್ನವರು ಯಾಕೆ ಇನ್ನೂ ಬಿಡಲಿಲ್ಲ ಅಂತ ಕಾಯುವವರು ಅಂದು ಎಷ್ಟು ಮನೆಗಳಲ್ಲಿ ಇದ್ದಿರಬೇಕು.

ದಾದಿ ಹುಡುಗಿಯೂ ಏಳುತ್ತಾಳೆ. ಗಾಲ್ಫ್ ಆಡುವವರು ತಮ್ಮ ಆಟ ಮುಂದುವರಿಸುತ್ತಾರೆ. ಇವಳು ಗಾಡಿ ತಳ್ಳಿಕೊಂಡು ಗುಡ್ಡ ಏರುತ್ತಾಳೆ. ಕಿಟಕಿಯಿಂದ ನೋಡುವವರಿಗೆ ಅದು ಒಂದು ಸುಂದರ ದೃಶ್ಯ. ಅವಳಿಗೆ ಒಂದು ದಿನ ಹೋಯಿತು ಅನ್ನುವುದೇ ಗೊತ್ತಿಲ್ಲ. ಅವಳು ಹೋಗುತ್ತಿರುವ ಮನೆಯಲ್ಲಿ ನಿನ್ನೆ ಒಲೆ ಹಚ್ಚಿ ಇಟ್ಟಿದ್ದರಾ, ಆ ಒಲೆಯ ಹತ್ತಿರ ಯಾರಿದ್ದರು, ಗುಡ್ಡದ ತುದಿಗೆ ಬಂದಾಗ ಅವಳಿಗೆ ಆ ಮನೆಯ ಮಾಡು ಕಾಣುತ್ತದಾ?